ಆರ್ಲಿಸ್ ಕುಚೆರಾಳ ಹದಿನಾಲ್ಕನೆಯ ಅರ್ಜಿ

ಆರ್ಲಿಸ್ ಕುಚೆರಾ ಯಾವ ಅರ್ಜಿಯಲ್ಲಿಯೂ ಒಂದು ಅಂಕಣವನ್ನೂ ಖಾಲಿ ಬಿಟ್ಟವಳಲ್ಲ. ತನಗೆ ಸಂಬಂಧವಿಲ್ಲದ ಪ್ರಶ್ನೆ ಎದುರಾದರೆ ಉಳಿದವರಂತೆ ಅಡ್ಡಗೆರೆಯೊಂದನ್ನು ಎಳೆದು ಮುಂದೆ ಸಾಗುವುದು ಅವಳ ಸ್ವಭಾವಕ್ಕೇ ಒಗ್ಗುತ್ತಿರಲಿಲ್ಲ. ಸೇನೆಯಲ್ಲಿ ಸಲ್ಲಿಸಿದ ಸೇವೆ, ಪರದೇಶದ ವಾಸ, ಬೆರಳಚ್ಚಿನ ವೇಗ, ಹಿಂದೆ ಇಟ್ಟುಕೊಂಡಿದ್ದ ಬೇರೆ ಹೆಸರುಗಳು, ಹೀಗೆ ಏನೇ ಕೇಳಿದ್ದರೂ ಅದರ ಮುಂದೆ ಕಪ್ಪು ಶಾಯಿಯಲ್ಲಿ, ಒಂದೊಂದು ಅಕ್ಷರವೂ ಬೇಲಿಯ ಗೂಟದಂತೆ ನೆಟ್ಟಗೆ ನಿಲ್ಲುವ ಕೈಬರಹದಲ್ಲಿ, "ನನಗೆ ಅನ್ವಯಿಸುವುದಿಲ್ಲ" ಎಂದು ಪೂರ್ತಿಯಾಗಿ ಬರೆಯುತ್ತಿದ್ದಳು. ಜಾಗ ಸಾಲದಿದ್ದರೆ ಅಂಚಿನಲ್ಲಿ ಬರೆಯುತ್ತಿದ್ದಳು. "ಇಷ್ಟೆಲ್ಲ ಯಾಕೆ ಕಷ್ಟಪಡ್ತೀಯ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಖಾಲಿ ಬಿಟ್ರೆ ಮರೆತ್ನೋ ಮುಚ್ಚಿಟ್ನೋ ಓದೋರಿಗೆ ಹೆಂಗೆ ಗೊತ್ತಾಗ್ಬೇಕು ಮರಿ?" ಎಂದಿದ್ದಳು. ನಾನು ನಕ್ಕಿದ್ದೆ. ಆ ನಗು ಈಗಲೂ ನನ್ನನ್ನು ಕುಟುಕುತ್ತದೆ.

ವೆಲ್ಬಾರ್ನ್ ಕೌಂಟಿಯ ಕೋರ್ಟ್‌ಹೌಸಿನ ನೆಲಮಹಡಿಯಲ್ಲಿ, ನೇಮಕಾತಿ ವಿಭಾಗದ ಗಾಜಿನ ಕಿಂಡಿಯ ಹಿಂದೆ ಕುಳಿತು ಅರ್ಜಿ ತೆಗೆದುಕೊಳ್ಳುವುದು ನನ್ನ ಕೆಲಸ. ಓಮಾಹಾ ಪಟ್ಟಣದಲ್ಲಿ ಓದು ಮುಗಿಸಿ, ಮದುವೆಯಾಗಿ, ಗಂಡನ ಊರಾದ ಈ ಜೋಳದ ಬಯಲಿಗೆ ಬಂದ ವರ್ಷವೇ ನನಗಿದು ಸಿಕ್ಕಿತು. ಆರ್ಲಿಸಳಿಗೆ ಹನ್ನೊಂದು ವರ್ಷಗಳಿಂದ ಇಲ್ಲಿ ಏನೂ ಸಿಕ್ಕಿರಲಿಲ್ಲ. ಪ್ರತಿ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಶಾಲೆಯ ಬಸ್ಸಿನ ಮೊದಲ ಸುತ್ತು ಮುಗಿಸಿ, ಅವಳು ನಮ್ಮ ಪ್ರಕಟಣೆಯ ಹಲಗೆಯ ಮುಂದೆ ಬಂದು ನಿಲ್ಲುತ್ತಿದ್ದಳು. ಹೊಲದ ಕಳೆ ತಪಾಸಣೆ ಮಾಡುವವನಿಗೆ ಸಹಾಯಕಿ, ಮಣ್ಣುರಸ್ತೆ ಸಮಮಾಡುವ ಯಂತ್ರದ ಚಾಲಕಿ, ಮತಪತ್ರ ಎಣಿಸುವವಳು, ತುರ್ತು ಕರೆ ಸ್ವೀಕರಿಸುವವಳು, ಜೈಲಿನ ಅಡುಗೆಯವಳು, ಜೈಲಿನ ಅಧಿಕಾರಿ, ಹೀಗೆ ಕೌಂಟಿ ಕರೆದ ಕೆಲಸಗಳಿಗೆಲ್ಲ ಒಂದಲ್ಲ ಒಂದು ಸಲ ಅರ್ಜಿ ಹಾಕಿದವಳು. ಆದರೆ ಉಳಿದವೆಲ್ಲ ದಾರಿ ಮಾತ್ರ. ಅವಳು ತಲುಪಬೇಕೆಂದಿದ್ದದ್ದು ಕೌಂಟಿಯ ಪೊಲೀಸು ಮುಖ್ಯಸ್ಥನಾದ ಶೆರೀಫನ ಕಚೇರಿ. ಎದೆಯ ಮೇಲೆ ಅಲ್ಲಿಯವರ ಆ ನಕ್ಷತ್ರದ ಬ್ಯಾಡ್ಜ್ ಧರಿಸಬೇಕು, ಅಷ್ಟೆ.

ಅವಳ ನಡಿಗೆಯನ್ನು ಒಮ್ಮೆ ನೋಡಿದವರು ಮರೆಯುವಂತಿರಲಿಲ್ಲ. ಶಾಲೆಯ ಬಸ್ಸು ಓಡಿಸುವವರು ರೈಲುಹಳಿ ಬಂದಲ್ಲಿ, ರೈಲು ಬರಲಿ ಬಾರದಿರಲಿ, ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಕಿವಿಗೊಟ್ಟು ಕೇಳಿ ಮುಂದೆ ಹೋಗಬೇಕಲ್ಲ. ಇಪ್ಪತ್ತು ವರ್ಷಗಳ ಆ ಅಭ್ಯಾಸ ಅವಳ ಕಾಲಿಗೂ ಇಳಿದಿತ್ತು. ಯಾವ ಹೊಸ್ತಿಲು ಬಂದರೂ ಒಂದು ಕ್ಷಣ ನಿಂತು, ತಲೆಯನ್ನು ಒಂದಿಷ್ಟು ಓರೆಮಾಡಿ, ಎಡಬಲ ನೋಡಿ, ಅನಂತರವೇ ಒಳಗೆ ಕಾಲಿಡುತ್ತಿದ್ದಳು. ಮೂಗಿನ ತುದಿ ಮರಗಟ್ಟುವ ಚಳಿಯಲ್ಲಿಯೂ ಕೈಗಳನ್ನು ಜೇಬಿಗೆ ಹಾಕುತ್ತಿರಲಿಲ್ಲ, ಕೈಗಳು ಬಿಡುವಾಗಿರಬೇಕೆಂದು. ಮೈಮೇಲೆ ಸದಾ ಒಂದು ಕಂದು ಕ್ಯಾನ್ವಾಸಿನ ಕೋಟು. ಹಿಂದೆ ಧಾನ್ಯದ ಉಗ್ರಾಣದಲ್ಲಿ ಕೆಲಸಕ್ಕಿದ್ದಾಗ ಕೊಟ್ಟದ್ದು. ಆ ಕೆಲಸ ಬಿಟ್ಟ ದಿನ, ಇನ್ನು ಉಗ್ರಾಣದ ಹೆಸರು ಧರಿಸುವ ಹಕ್ಕು ತನಗಿಲ್ಲವೆಂದು ಎದೆಯ ಮೇಲಿನ ಪಟ್ಟಿಯನ್ನು ಹೊಲಿಗೆ ಬಿಚ್ಚಿ ಮರಳಿಸಿದ್ದಳಂತೆ. ಬಿಸಿಲು ತಾಕದ ಆ ಅಂಗೈಯಗಲದ ಜಾಗ ಮಾತ್ರ ಕೋಟಿನ ಉಳಿದ ಭಾಗಕ್ಕಿಂತ ಗಾಢವಾಗಿ, ಯಾವುದಕ್ಕೋ ಕಾದಿರಿಸಿದಂತೆ ಉಳಿದಿತ್ತು.

ವಾಹನಗಳ ನಂಬರು ಫಲಕ ಕೊಡುವ ಪಕ್ಕದ ಕಿಂಡಿಯ ಗ್ಲೆಂಡಾ ಅವಳನ್ನು ಕೆಣಕದೆ ಬಿಡುತ್ತಿರಲಿಲ್ಲ. "ಬಂದ್ರು ನೋಡಿ ನಮ್ಮ ಶೆರೀಫಮ್ಮ! ಏನಮ್ಮ, ಈ ವಾರ ಯಾವ ಹುದ್ದೆಗೆ ಕಣ್ಣು? ನ್ಯಾಯಾಧೀಶರದ್ದು ಖಾಲಿ ಇಲ್ವಲ್ಲ?"

"ಖಾಲಿ ಆದ್ರೆ ತಿಳಿಸು, ಗ್ಲೆಂಡಾ. ನಿನ್ನ ಕಾರಿನ ಹಿಂದಿನ ದೀಪ ಒಂದು ಉರೀತಿಲ್ಲ. ದಾಖಲೆಗೆ ಹೇಳ್ತಿದೀನಿ, ಎರಡನೇ ಸಲ."

"ದಾಖಲೆಗೆ ಹೇಳ್ತಿದೀನಿ" ಎಂಬುದು ಅವಳ ಮಾತಿನ ಪಲ್ಲವಿ. ಹವೆಯ ಬಗ್ಗೆ ಹೇಳಿದರೂ, ಕಾಫಿ ಕಹಿಯಾಗಿದೆಯೆಂದರೂ ಅದೊಂದು ಸೇರುತ್ತಿತ್ತು. ಕೇಳಿದವರು ನಗುತ್ತಿದ್ದರು, ಅವಳು ಮಾತ್ರ ನಗುತ್ತಿರಲಿಲ್ಲ. ತಾನು ಆಡಿದ ಪ್ರತಿ ಮಾತಿಗೂ ತನ್ನನ್ನು ಯಾರಾದರೂ ಹೊಣೆಮಾಡಬಹುದು, ಮಾಡಬೇಕು ಎಂದು ನಂಬಿದ್ದ ಹೆಂಗಸು ಅವಳು.

ಇನ್ನೊಂದು ಹಟವಿತ್ತು. ಆರ್ಲಿಸ್ ಮಾಡುವ ಕೊಲಾಚೆಗೆ, ಆ ಮೆದು ರೊಟ್ಟಿಯ ನಡುವೆ ಗಸಗಸೆಯ ಸಿಹಿ ತುಂಬಿದ ಅವಳ ಅಜ್ಜಿಯ ಕಾಲದ ತಿಂಡಿಗೆ, ಊರಲ್ಲಿ ಸಾಟಿಯಿರಲಿಲ್ಲ. ಅರ್ಜಿಯೊಂದು ನಮ್ಮಲ್ಲಿ ಬಾಕಿಯಿರುವಷ್ಟು ಕಾಲವೂ ಅವಳು ಬರಿಗೈಯಲ್ಲೇ ಬರುತ್ತಿದ್ದಳು, ತಿಂಡಿ ತಂದರೆ ಲಂಚವಾದೀತೆಂದು. ತಿರಸ್ಕಾರದ ಪತ್ರ ತಲುಪಿದ ಮರುದಿನವೇ ದೊಡ್ಡ ತಟ್ಟೆಯಲ್ಲಿ ಹೊತ್ತು ತರುತ್ತಿದ್ದಳು. ಹೀಗಾಗಿ ಆ ಬಿಸಿಬಿಸಿ ಪರಿಮಳ ಓಣಿಯಲ್ಲಿ ಬಂತೆಂದರೆ, ಆರ್ಲಿಸಳಿಗೆ ಮತ್ತೊಂದು ಕೆಲಸ ತಪ್ಪಿತೆಂದು ಕಚೇರಿಗೆಲ್ಲ ತಿಳಿಯುತ್ತಿತ್ತು. ನಾವು ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದೆವು. ತಟ್ಟೆ ಮಾತ್ರ ಖಾಲಿಯಾಗುತ್ತಿತ್ತು.

ತಪ್ಪುತ್ತಿದ್ದದ್ದಾದರೂ ಹೇಗೆಂದರೆ ಯಾವಾಗಲೂ ಕೂದಲೆಳೆಯ ಅಂತರದಲ್ಲಿ. ಲಿಖಿತ ಪರೀಕ್ಷೆಯಲ್ಲಿ ಅವಳದೇ ಹೆಚ್ಚು ಅಂಕ. ಆದರೆ ಸೇನೆಯಿಂದ ಬಂದವರಿಗೆ ಸೇರಿಸುವ ಐದು ಅಂಕ ಸೇರಿದೊಡನೆ ಯಾವನಾದರೊಬ್ಬ ಅವಳನ್ನು ದಾಟಿಬಿಡುತ್ತಿದ್ದ. "ಸರಿಯಾಗೇ ಇದೆ. ಅವ್ರು ಹೋಗಿ ಬಂದಿರೋ ಜಾಗಕ್ಕೆ ನಾನೇನು ಹೋಗಿದ್ನಾ?" ಎನ್ನುವಳು. ಶೆರೀಫನ ಕೈಕೆಳಗೇ ಬರುವ ಜೈಲು ಅಧಿಕಾರಿಯ ಹುದ್ದೆಗಾದರೋ ಮನುಷ್ಯನಷ್ಟು ಭಾರದ ಗೊಂಬೆಯೊಂದನ್ನು ಕಂಕುಳಲ್ಲಿ ಕೈಹಾಕಿ ನಲವತ್ತು ಅಡಿ ಎಳೆಯಬೇಕಿತ್ತು. ಎರಡು ಸಲ ಅವಳು ಮೂವತ್ತನೆಯ ಅಡಿಯಲ್ಲಿ ಕುಸಿದಿದ್ದಳು. ಮೂರನೆಯ ಸಲಕ್ಕೆಂದು, ನಲವತ್ತಾರನೆಯ ವಯಸ್ಸಿನಲ್ಲಿ, ಒಂದು ಬೇಸಿಗೆಯಿಡೀ ಬಸ್ಸು ನಿಲ್ಲಿಸುವ ಅಂಗಳದಲ್ಲಿ ದನದ ಮೇವಿನ ಮೂಟೆಗಳನ್ನು ಒಂದಕ್ಕೊಂದು ಕಟ್ಟಿ ಎಳೆದಳು. ಆ ಮೂಟೆಗೆ ಹಳೆಯ ಟೋಪಿಯೊಂದನ್ನೂ ತೊಡಿಸಿದ್ದಳು. ಯಾಕೆಂದು ಕೇಳಿದರೆ, "ಎಳೀವಾಗ ತಲೆ ಎಲ್ಲಿದೆ ಅಂತ ಗೊತ್ತಿರ್ಬೇಕಲ್ಲ. ತಲೆಗೆ ಪೆಟ್ಟಾಗ್ಬಾರ್ದು" ಎಂದಳು.

ಆ ಬೇಸಿಗೆಯ ಹೊತ್ತಿಗೆ ನಮ್ಮಿಬ್ಬರ ಸಂಬಂಧ ಕಿಂಡಿಯನ್ನು ದಾಟಿತ್ತು. ನನ್ನ ಮಗಳು ತೆಯಾ ಹುಟ್ಟಿ, ರಜೆ ಮುಗಿದು, ನಾನು ಕೆಲಸಕ್ಕೆ ಮರಳಬೇಕಾದಾಗ, ಮಗುವನ್ನು ಯಾರ ಕೈಗೆ ಕೊಡುವುದೆಂಬ ಚಿಂತೆಯಲ್ಲಿ ನಾನು ನಿದ್ದೆಗೆಟ್ಟಿದ್ದೆ. ಮಗು ಉಸಿರಾಡುತ್ತಿದೆಯೇ ಎಂದು ಗಂಟೆಗೊಮ್ಮೆ ಮೂಗಿನ ಬಳಿ ಬೆರಳಿಟ್ಟು ನೋಡುವ, ಜ್ವರಮಾಪಕವನ್ನು ಕೈಚೀಲದಲ್ಲಿ ಹೊತ್ತು ತಿರುಗುವ ಜಾತಿಯವಳು ನಾನು. ಬಸ್ಸಿನ ಎರಡು ಸುತ್ತುಗಳ ನಡುವೆ ತಾನು ನೋಡಿಕೊಳ್ಳುತ್ತೇನೆಂದು ಆರ್ಲಿಸಳೇ ಹೇಳಿದಳು. ಸಾವಿರಾರು ಮಕ್ಕಳನ್ನು ಒಂದು ಗೀರೂ ಆಗದಂತೆ ಮನೆ ಮುಟ್ಟಿಸಿದವಳು; ನಾನು ಬೇರೆ ಯಾರನ್ನು ನಂಬಲಿ?

ನಾನು ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದೆ.

"ಹೇಗಿದಾಳೆ?"

"ಹನ್ನೊಂದು ನಲವತ್ತಕ್ಕೆ ಒಂದು ಸಲ ಸೀನಿದ್ಳು. ಹನ್ನೆರಡು ಹತ್ತಕ್ಕೆ ಬಾಳೆಹಣ್ಣು, ಅರ್ಧ. ಉಳಿದರ್ಧ ನನ್ನ ಕೋಟಿನ ಮೇಲಿದೆ. ಅದು ಬಿಟ್ರೆ ದಾಖಲೆಗೆ ಹೇಳೋಂಥ ಘಟನೆ ಏನೂ ಇಲ್ಲ."

"ಸೀನಿದ್ಳಾ? ಶೀತ ಆಗಿರ್ಬಹುದಾ?"

"ಸೀನಿದ್ಳು ಕಣೇ, ದರೋಡೆ ಮಾಡ್ಲಿಲ್ಲ."

ಸಂಜೆ ಮನೆಗೆ ಹೋದರೆ ಮೇಜಿನ ಮೇಲೆ ಒಂದು ಹಾಳೆ ಇರುತ್ತಿತ್ತು. ಮಗುವಿನ ಇಡೀ ದಿನ, ಗಂಟೆ ನಿಮಿಷಗಳ ಸಹಿತ, ಕಾವಲಿನವರ ವರದಿಯ ಶೈಲಿಯಲ್ಲಿ ಅದರಲ್ಲಿ ದಾಖಲಾಗಿರುತ್ತಿತ್ತು. ನನ್ನಂಥ ದಿಗಿಲಿನವಳಿಗೆ ಆ ಹಾಳೆಗಳು ಔಷಧಿಯಂತೆ ಕೆಲಸ ಮಾಡಿದವು. ನನಗೆ ಎರಡನೆಯ ಸಲ ನಿದ್ದೆ ಕಲಿಸಿದವಳು ಆರ್ಲಿಸ್ ಎಂದರೆ ಅತಿಶಯವಲ್ಲ.

ಸೆಪ್ಟೆಂಬರಿನಲ್ಲಿ ಅವಳು ಗೊಂಬೆಯನ್ನು ನಲವತ್ತು ಅಡಿಯೂ ಎಳೆದಳು. ಎಳೆದು, ಗುರಿಗೆರೆ ದಾಟಿದ ಮೇಲೆ, ಅದರ ತಲೆಯನ್ನು ನೆಲಕ್ಕೆ ಮೆಲ್ಲನೆ ಇಳಿಸಿ, ತಾನು ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು. ಪರೀಕ್ಷೆ ನೋಡಲು ಬಂದಿದ್ದ ಶೆರೀಫ್ ರಾಸ್ಮುಸೆನ್ ತಾನೇ ನೀರು ತಂದುಕೊಟ್ಟನಂತೆ. ಪಟ್ಟಿಯಲ್ಲಿ ಈ ಸಲ, ಅವಳ ಹದಿನಾಲ್ಕನೆಯ ಅರ್ಜಿಗೆ, ಅವಳದೇ ಮೊದಲ ಹೆಸರು. ಐದು ಅಂಕ ಸೇರಿಸಿಕೊಂಡು ದಾಟಲು ಹಿಂದೆ ಯಾರೂ ಇರಲಿಲ್ಲ. ಪಟ್ಟಿಯ ತಲೆಯಲ್ಲಿರುವವರಿಗೆ ಮಾತ್ರ ಕೊಡುವ ಆ ದಪ್ಪ ಪುಸ್ತಿಕೆಯನ್ನು, ಮೂವತ್ತನಾಲ್ಕು ಪುಟಗಳ ಜೀವನವೃತ್ತಾಂತದ ನಮೂನೆಯನ್ನು, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಅವಳ ಕೈಗಿತ್ತೆ. ಅವಳು ಅದನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡಳು.

ಆ ನಮೂನೆಯ ಮುಂದೆ ಪಾದ್ರಿಯ ಮುಂದಿನ ಪಾಪನಿವೇದನೆಯೂ ಸಪ್ಪೆ. ಹುಟ್ಟಿದಾರಭ್ಯ ವಾಸಿಸಿದ ಮನೆಗಳು, ಬಿಟ್ಟ ಕೆಲಸಗಳು, ಜಗಳವಾಡಿದ ನೆರೆಯವರು, ಕದ್ದದ್ದು, ಕುಡಿದದ್ದು, ಹೊಡೆದದ್ದು, ಎಲ್ಲವನ್ನೂ ಕೇಳುತ್ತದೆ. ಆರ್ಲಿಸ್ ಮೂರು ವಾರ ಅದರ ಮುಂದೆ ಕುಳಿತಳು. ಉಗ್ರಾಣದಿಂದ ಅಕಸ್ಮಾತ್ತಾಗಿ ಮನೆಗೆ ಬಂದುಬಿಟ್ಟಿದ್ದ ಪೆನ್ಸಿಲೊಂದರ ಸಂಗತಿಯನ್ನೂ ಬರೆದಳು. ಮುಗಿಸಿದ ದಿನ ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟು, "ನೀನು ಓದಿದೋಳು, ಒಂದ್ಸಲ ಕಣ್ಣಾಡಿಸು. ಪದ ಗಿದ ತಪ್ಪಿದ್ರೆ ಹೇಳು" ಎಂದಳು. ಹಾಗೆ ಓದುವ ಅಧಿಕಾರ ನನಗಿರಲಿಲ್ಲ. ಅರ್ಜಿದಾರರ ಉತ್ತರಗಳಿಗೆ ಕೈಹಾಕಬಾರದೆಂದು ಕೆಲಸಕ್ಕೆ ಸೇರಿದ ದಿನವೇ ನಾನು ಸಹಿಮಾಡಿದ್ದೆ. ಆದರೂ ಓದಿದೆ.

ಹತ್ತೊಂಬತ್ತನೆಯ ಪುಟದಲ್ಲಿ, ಪೊಲೀಸರೊಡನೆ ಎಂದಾದರೂ ಯಾವುದೇ ಸಂಪರ್ಕ ಉಂಟಾಗಿದ್ದರೆ ವಿವರಿಸಿ ಎಂಬಲ್ಲಿ, ಅವಳು ಹೀಗೆ ಬರೆದಿದ್ದಳು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ, ಫೆಬ್ರುವರಿಯ ಒಂದು ಮಧ್ಯಾಹ್ನ, ಐದು ತಿಂಗಳ ಮಗಳು ಮಾರ್ಲಾಳನ್ನು ಕಾರಿನಲ್ಲಿಯೇ ಬಿಟ್ಟು ಅವಳು ಔಷಧಿ ಅಂಗಡಿಗೆ ಹೋಗಿದ್ದಳು. ಹೊಟ್ಟೆನೋವಿನಿಂದ ಅಳುವ ಮಗುವಿನೊಡನೆ ಮೂರು ದಿನ ಕಣ್ಣುಮುಚ್ಚದೆ ಕಳೆದಿದ್ದವಳು, ಔಷಧಿಗಾಗಿ ಕಾಯುತ್ತ ಅಂಗಡಿಯ ಕುರ್ಚಿಯಲ್ಲಿ ಕುಳಿತವಳು, ಕುಳಿತಲ್ಲೇ ನಿದ್ದೆಹೋದಳು. ಇಪ್ಪತ್ತು ನಿಮಿಷ. ಎಚ್ಚೆತ್ತು ಹೊರಗೋಡಿದಾಗ, ಶೆರೀಫನ ಡೆಪ್ಯುಟಿ, ಎಮ್ಮೆಟ್ ವಾಸ್ ಎಂಬ ನಡುವಯಸ್ಸಿನವನು, ಅವಳ ಕಾರಿನಲ್ಲಿ, ತನ್ನ ಕೋಟಿನ ಗುಂಡಿ ಬಿಚ್ಚಿ ಮಗುವನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದ. "ಮೊದಲು ಮಗು ತಗೊಳ್ಳಮ್ಮ. ಅಳೋದು ಆಮೇಲೆ" ಎಂದನಂತೆ. ದಂಡ ಹಾಕಲಿಲ್ಲ, ಮೊಕದ್ದಮೆ ಹೂಡಲಿಲ್ಲ. ಮನೆಯವರೆಗೆ ಹಿಂದೆಯೇ ಬಂದು ಬಿಟ್ಟುಹೋದ. ಕೊನೆಯಲ್ಲಿ ಅದೇ ಗೂಟದಂಥ ಅಕ್ಷರಗಳಲ್ಲಿ ಒಂದು ವಾಕ್ಯವಿತ್ತು: ಈ ಕೆಲಸ ಮಾಡಬೇಕೆಂದು ನನಗನ್ನಿಸಿದ್ದು ಅಂದು.

ನಾನು ಆ ಕೊನೆಯ ವಾಕ್ಯವನ್ನು ಓದಿದೆ, ಆದರೆ ಓದಲಿಲ್ಲ. ನನಗೆ ಕಂಡದ್ದು ಫೆಬ್ರುವರಿಯ ಚಳಿ, ಮುಚ್ಚಿದ ಕಾರು, ಐದು ತಿಂಗಳ ಕೂಸು. ಪಕ್ಕದಲ್ಲಿ ಎತ್ತರದ ಕುರ್ಚಿಯಲ್ಲಿ ಕುಳಿತು ಚಮಚದಿಂದ ಮೇಜು ಬಡಿಯುತ್ತಿದ್ದ ತೆಯಾಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ.

"ಇದನ್ನ ಬರೀಬೇಡ, ಆರ್ಲಿಸ್."

"ಬರೀದೆ?"

"ಕೇಸ್ ಆಗಿಲ್ಲ, ದಂಡ ಇಲ್ಲ, ಕೋರ್ಟಿಲ್ಲ. ಇಪ್ಪತ್ನಾಲ್ಕು ವರ್ಷ ಆಯ್ತು. ಅವ್ರು ಕೇಳ್ತಿರೋದು ಅಪರಾಧದ ವಿಷಯ."

"ಇಲ್ಲಿ ಯಾವುದೇ ಸಂಪರ್ಕ ಅಂತಿದೆ." ಅವಳು ಬೆರಳಿಟ್ಟು ತೋರಿಸಿದಳು.

"ನೋಡು, ಇದನ್ನ ಓದೋರೆಲ್ಲ ಮಕ್ಕಳೊಂದಿಗರು. ಒಂದ್ಸಲ ಓದಿದ್ರೆ ಮುಗೀತು. ಆಮೇಲೆ ನಿನ್ನ ಹೆಸರು ಕಂಡಾಗೆಲ್ಲ ಅವರ ಕಣ್ಣಿಗೆ ಆ ಕಾರೇ ಬರತ್ತೆ."

ಅವಳು ಪುಟದಿಂದ ಬೆರಳು ತೆಗೆದು ನನ್ನತ್ತ ನೋಡಿದಳು. "ನಿನಗೆ ಬರ್ತಿದ್ಯಾ?"

ನಾನು ತೆಯಾಳ ಬಾಯಿ ಒರೆಸಿದೆ. ಒರೆಸುವಂಥದ್ದೇನೂ ಅಲ್ಲಿರಲಿಲ್ಲ.

ಈ ಒಂದು ಸಂಗತಿಯನ್ನು ನಾನು ಬಚ್ಚಿಡಬಾರದು. ಅವಳ ಒಳಿತಿಗೆಂದು ಹೇಳಿದೆ, ನಿಜ. ಆದರೆ ಅಷ್ಟೇ ನಿಜವಲ್ಲ. ನನ್ನ ಮಗುವನ್ನು ಯಾರ ಕೈಯಲ್ಲಿಟ್ಟು ನಾನು ಕೆಲಸಕ್ಕೆ ಹೋಗುತ್ತಿದ್ದೇನೋ ಅವಳು ಒಮ್ಮೆ ತನ್ನ ಮಗುವನ್ನು ಮರೆತು ಮಲಗಿದ್ದಳೆಂಬುದು ಸರ್ಕಾರಿ ಕಾಗದದ ಮೇಲೆ ಇರಕೂಡದೆಂದು ನನಗನ್ನಿಸಿತ್ತು. ಅಲ್ಲಿ ಇಲ್ಲದಿದ್ದರೆ ಅದು ನಡೆದೇ ಇಲ್ಲವೆಂದುಕೊಳ್ಳಬಹುದು ಎಂಬ ಮಗುತನ. ಇಷ್ಟಕ್ಕೂ ಆ ವರ್ಷ ನಾನೇ ಎಷ್ಟು ಸಲ ಕುಳಿತಲ್ಲಿ ತೂಕಡಿಸಿರಲಿಲ್ಲ!

"ಸರಿ ಬಿಡು" ಎಂದಳು ಆರ್ಲಿಸ್ ಕೊನೆಗೆ. "ಈ ಕಾಗದಗಳ ಮಧ್ಯೆನೇ ಇರೋಳು ನೀನು. ನಿನಗಿಂತ ನನಗೆ ಜಾಸ್ತಿ ಗೊತ್ತಾ?" ನಾನು ಹೊಸ ಹಾಳೆ ತಂದುಕೊಟ್ಟೆ. ಹತ್ತೊಂಬತ್ತನೆಯ ಪುಟವನ್ನು ಅವಳು ಮತ್ತೆ ಬರೆದಳು. ಆ ಪ್ರಶ್ನೆಯ ಮುಂದೆ ಬಂದಾಗ ಪೆನ್ನು ನಿಂತಿತು. ಹಳಿಯ ಮುಂದೆ ನಿಲ್ಲುವಷ್ಟೇ ಹೊತ್ತು ನಿಂತು, ತಲೆಯನ್ನು ಓರೆಮಾಡಿ, ಅನಂತರ "ಇಲ್ಲ" ಎಂದು ಬರೆದಳು.

ಸಣ್ಣ ಕೌಂಟಿಗಳಲ್ಲಿ ಏನೂ ಕಳೆದುಹೋಗುವುದಿಲ್ಲ ಎಂಬುದು ಪಟ್ಟಣದಲ್ಲಿ ಬೆಳೆದ ನನಗೆ ತಿಳಿದಿರಲಿಲ್ಲ. ಓಮಾಹಾದಲ್ಲಿ ಅಷ್ಟು ಹಳೆಯ ಕಾಗದವನ್ನು ಯಾರೂ ಇಟ್ಟುಕೊಂಡಿರುತ್ತಿರಲಿಲ್ಲ. ಇಲ್ಲಿ ಶೆರೀಫನ ಕಚೇರಿಯ ನೆಲಮಾಳಿಗೆಯಲ್ಲಿ, ಹಳೆಯ ಡೆಪ್ಯುಟಿಗಳು ದಾರಿಯಲ್ಲಿ ಯಾರನ್ನು ಕಂಡರೂ ಮಾತಾಡಿಸಿದರೂ ಬರೆದಿಡುತ್ತಿದ್ದ ಚೀಟಿಗಳು, ಮರದ ಸೆಳೆಖಾನೆಗಳಲ್ಲಿ ಅಕ್ಷರಾನುಕ್ರಮವಾಗಿ ಹಾಗೆಯೇ ಕುಳಿತಿದ್ದವು. ಅರ್ಜಿದಾರರ ಪೂರ್ವವೃತ್ತಾಂತವನ್ನು ರಾಸ್ಮುಸೆನ್ ತಾನೇ ಖುದ್ದಾಗಿ ಪರಿಶೀಲಿಸುತ್ತಿದ್ದ. ಆರ್ಲಿಸಳ ಹೆಸರಿನ ಸೆಳೆಖಾನೆ ಎಳೆಯುವುದಕ್ಕೆ ಅವನಿಗೆ ಎರಡು ನಿಮಿಷವೂ ಹಿಡಿದಿರಲಾರದು.

ಅವಳನ್ನು ಕರೆಸಿ ಮಾತಾಡಿದ ಮರುದಿನ, ಕಡತವನ್ನು ನನ್ನ ಕಿಂಡಿಗೆ ಅವನೇ ತಂದ. ದೊಡ್ಡ ಮೈಯ, ಮೆಲುದನಿಯ ಮನುಷ್ಯ. ಚೀಟಿಯನ್ನು ಗಾಜಿನ ಕೆಳಗಿಂದ ನನ್ನತ್ತ ತಳ್ಳಿದ. ಪೆನ್ಸಿಲಿನಲ್ಲಿ ಬರೆದದ್ದು, ಮಾಸಿತ್ತು. "ತಾಯಿ ಮೂರು ದಿನ ನಿದ್ದೆಗೆಟ್ಟಿದ್ದಾಳೆ. ಮಗು ಬೆಚ್ಚಗಿದೆ, ಕ್ಷೇಮ. ಮನೆಗೆ ಬಿಟ್ಟೆ. ಒಳ್ಳೆಯ ತಾಯಿ. ಗುರುವಾರ ಮತ್ತೆ ಹೋಗಿ ನೋಡಬೇಕು." ಕೆಳಗೆ ಬೇರೆ ದಿನಾಂಕದಲ್ಲಿ ಒಂದು ಸಾಲು: "ಗುರುವಾರ ಹೋಗಿದ್ದೆ. ಇಬ್ಬರೂ ಮಲಗಿದ್ದರು. ಬಾಗಿಲು ತಟ್ಟಲಿಲ್ಲ."

"ವಾಸ್ ನನಗೆ ಕೆಲಸ ಕಲಿಸಿದ ಮನುಷ್ಯ" ಎಂದ ರಾಸ್ಮುಸೆನ್. "ಇದನ್ನ ಅವಳೇ ಬರೆದು ಕೊಟ್ಟಿದ್ರೆ ಅವತ್ತೇ ಕರೆದು ಬ್ಯಾಡ್ಜ್ ಹಾಕ್ತಿದ್ದೆ. ಇಂಥ ದಿನ ಕಂಡೋಳು, ಜೈಲಿಗೆ ಬರೋ ಹುಡುಗೀರ ಜೊತೆ ಹೆಂಗೆ ಮಾತಾಡ್ತಿದ್ಳು, ಯೋಚ್ನೆ ಮಾಡು. ಆದ್ರೆ ಮುಚ್ಚಿಟ್ಳು. ಮುಚ್ಚಿಟ್ಟೋಳ ಸಾಕ್ಷಿ ನಾಳೆ ಕೋರ್ಟಲ್ಲಿ ನಿಲ್ಲಲ್ಲ ಕಣಮ್ಮ. ನನ್ನ ಕೈ ತಾನೇ ಕಟ್ಟಿಹಾಕಿದ್ಳು." ಅವನು ಹೊರಡಲು ತಿರುಗಿದವನು ಮತ್ತೆ ಕಿಂಡಿಗೆ ಬಗ್ಗಿದ. "ಅವಳು ಹಂಗೆ ಮಾಡೋಳಲ್ಲ ಅಂತ ನನಗೆ ಈಗ್ಲೂ ಅನ್ಸತ್ತೆ. ನಿನಗೆ ಪರಿಚಯ ಅಲ್ವಾ? ಯಾಕೆ ಹಿಂಗೆ ಮಾಡಿದ್ಳು?"

ಹೇಳಬೇಕಾದ ಕ್ಷಣ ಅದೇ ಆಗಿತ್ತು. ಆದರೆ ಆ ವಾರ ತೆಯಾಳ ಕಿವಿಯ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು; ಅವಳ ಆರೋಗ್ಯವಿಮೆ ನನ್ನ ಈ ಕೆಲಸಕ್ಕೆ ಅಂಟಿಕೊಂಡಿತ್ತು; ಅರ್ಜಿಯಲ್ಲಿ ಕೈಯಾಡಿಸಿದ ಗುಮಾಸ್ತೆಯನ್ನು ಕೌಂಟಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಇವೆಲ್ಲ ಕಾರಣಗಳು. ಕಾರಣಗಳು ಎಷ್ಟಿದ್ದರೂ ನಾನು ಆಡಿದ ಮಾತು ಒಂದೇ: "ಕಡತ ಯಾವ ಕಪಾಟಿಗೆ ಹಾಕ್ಲಿ?"

ಅವನು ಹೋದ ಮೇಲೆ ಅವರಿಬ್ಬರ ಸಂದರ್ಶನದ ಟಿಪ್ಪಣಿಯನ್ನು ಓದಿದೆ. ಘಟನೆಯನ್ನು ಏಕೆ ಬರೆಯಲಿಲ್ಲವೆಂದು ಕೇಳಿದ್ದಕ್ಕೆ, ಬರೆಯಬೇಕಿತ್ತು ಎಂದಿದ್ದಳು. ಬಿಡುವಂತೆ ಯಾರಾದರೂ ನಿಮಗೆ ಹೇಳಿದರೇ ಎಂದು ಕೇಳಿದ್ದಕ್ಕೆ ಉತ್ತರ ಹೀಗಿತ್ತು: "ದಾಖಲೆಗೆ ಹೇಳ್ತಿದೀನಿ, ಇಲ್ಲ. ನಾನೇ ಬಿಟ್ಟೆ."

ಸತ್ಯ ಮರೆಮಾಚಿದ್ದಕ್ಕಾಗಿ ಆಯ್ಕೆಯಿಂದ ತೆಗೆದುಹಾಕಲ್ಪಟ್ಟವರು ಮತ್ತೆಂದೂ ಆ ಕಚೇರಿಗೆ ಅರ್ಜಿ ಹಾಕುವಂತಿಲ್ಲ. ಬೇರೆ ಕೌಂಟಿಗೆ ಹೋದರೂ, ಬೇರೆ ರಾಜ್ಯಕ್ಕೆ ಹೋದರೂ, ಪೊಲೀಸು ಕೆಲಸದ ಪ್ರತಿ ನಮೂನೆಯಲ್ಲಿಯೂ, ನಿಮ್ಮನ್ನು ಎಂದಾದರೂ ಹೀಗೆ ತೆಗೆದುಹಾಕಲಾಗಿದೆಯೇ ಎಂಬ ಪ್ರಶ್ನೆಯಿರುತ್ತದೆ. ಹೌದು ಎಂದು ಬರೆಯದೆ ಆರ್ಲಿಸಳಿಂದಾಗದು. ಬರೆದರೆ ಓದಿದವರು ಪುಟ ಮಗುಚುವುದಿಲ್ಲ.

ಅಂದು ಮಧ್ಯಾಹ್ನ ನಾನು ಬಸ್ಸು ನಿಲ್ಲಿಸುವ ಅಂಗಳಕ್ಕೆ ಓಡಿದೆ. ಅವಳು ಬಸ್ಸಿನೊಳಗೆ ಆಸನಗಳ ಕೆಳಗೆ ಗುಡಿಸುತ್ತಿದ್ದಳು. ಒಂಟಿ ಕೈಗವಸುಗಳು, ಕ್ರೆಯಾನಿನ ಚೂರುಗಳು, ಅರ್ಧ ತಿಂದ ಸೇಬು.

"ನಾನು ಈಗ್ಲೇ ರಾಸ್ಮುಸೆನ್ ಹತ್ರ ಹೋಗ್ತೀನಿ. ನಾನೇ ಬಿಡಿಸಿದ್ದು ಅಂತ ಹೇಳ್ತೀನಿ."

"ಹೇಳಿ?"

"ಹೇಳಿದ್ರೆ ಅವ್ರಿಗೆ ಗೊತ್ತಾಗತ್ತಲ್ಲ, ನಿನ್ನ ತಪ್ಪಲ್ಲ ಅಂತ."

ಅವಳು ಪೊರಕೆಯನ್ನು ನಿಲ್ಲಿಸಿ ಅದರ ಹಿಡಿಯ ಮೇಲೆ ಗದ್ದವಿಟ್ಟಳು. "ಯಾರೂ ಹೇಳಿಲ್ಲ ಅಂತ ನಾನು ಅವನ ಮುಖ ನೋಡ್ಕೊಂಡು ಹೇಳಿದೀನಿ. ನೀನು ಹೋಗಿ ಹೇಳಿದ್ರೆ ಅದೂ ಸುಳ್ಳಾಯ್ತು. ಒಂದಿದ್ದದ್ದು ಎರಡಾಯ್ತು. ನಿನ್ನ ಕೆಲ್ಸಾನೂ ಹೋಯ್ತು. ಯಾರಿಗೆ ಲಾಭ?"

"ನೀನ್ಯಾಕೆ ಹಾಗೆ ಹೇಳಿದೆ?"

"ತೆಯಾಗೆ ಶುಕ್ರವಾರ ಆಪರೇಷನ್ ಅಲ್ವಾ?" ಎಂದಳು, ಅದೇನೋ ತೀರ ಸರಳವಾದ ಲೆಕ್ಕವೆಂಬಂತೆ. ಮತ್ತೆ ಬಗ್ಗಿ ಗುಡಿಸತೊಡಗಿದಳು. ಬೆನ್ನು ನನ್ನತ್ತ ಇದ್ದಂತೆಯೇ, "ಬರ್ದಿದ್ದು ನನ್ನ ಕೈ, ಮರಿ. ನೀನು ಹೇಳಿದೆ, ಸರಿ. ಆದ್ರೆ ಆ ಕೆಲ್ಸ ನನಗೆ ಎಷ್ಟು ಬೇಕಿತ್ತು ಅಂದ್ರೆ, ನೀನು ಹೇಳಿದ್ದು ಸರಿ ಇರ್ಲಿ ಅಂತ ಆಸೆ ಆಯ್ತು. ಅದು ನಂದು. ಅದನ್ನ ನಿನಗೆ ಕೊಡಲ್ಲ" ಎಂದಳು.

ನಾನು ಹೋಗಲಿಲ್ಲ. ಅವಳು ಬೇಡವೆಂದಳು ಎಂಬ ನೆಪ ನನಗೆ ಸಾಕಾಯಿತು.

ತೆಯಾಳ ಕಿವಿ ವಾಸಿಯಾಯಿತು. ಆರ್ಲಿಸ್ ಈಗಲೂ ಬಸ್ಸು ಓಡಿಸುತ್ತಾಳೆ, ಈಗಲೂ ಮಗಳನ್ನು ನೋಡಿಕೊಳ್ಳುತ್ತಾಳೆ. ನಾನು ಬೇರೆಯವರನ್ನು ಹುಡುಕಲಿಲ್ಲ, ಅವಳು ಬರುವುದನ್ನು ನಿಲ್ಲಿಸಲಿಲ್ಲ. ಮಂಗಳವಾರಗಳಂದು ಮಾತ್ರ ನಮ್ಮ ಹಲಗೆಯ ಮುಂದೆ ಯಾರೂ ಇರುವುದಿಲ್ಲ. ಗ್ಲೆಂಡಾ ಕೂಡ ಮೊದಮೊದಲು ಹನ್ನೊಂದು ಗಂಟೆಗೆ ಬಾಗಿಲತ್ತ ನೋಡುತ್ತಿದ್ದಳು, ಈಗ ನೋಡುವುದಿಲ್ಲ. ಆ ಹುದ್ದೆಗೆ ಇಪ್ಪತ್ತೆರಡರ ಯುವಕನೊಬ್ಬ ಬಂದ. ಕೆಟ್ಟವನಲ್ಲ. ನಾಲ್ಕು ತಿಂಗಳಿದ್ದು, ಪಟ್ಟಣದಲ್ಲಿ ಇದಕ್ಕಿಂತ ಒಳ್ಳೆಯ ಸಂಬಳ ಸಿಕ್ಕಿತೆಂದು ಹೊರಟುಹೋದ. ಹೊಸ ಪ್ರಕಟಣೆಯನ್ನು ನಾನೇ ಬೆರಳಚ್ಚಿಸಿದೆ, ಹಿಂದೆ ಅನರ್ಹಗೊಂಡವರು ಅರ್ಜಿ ಸಲ್ಲಿಸತಕ್ಕದ್ದಲ್ಲ ಎಂಬ ಕೊನೆಯ ಸಾಲಿನ ಸಮೇತ. ನಾನೇ ನಾಲ್ಕು ಮೂಲೆಗೂ ಮೊಳೆ ಚುಚ್ಚಿದೆ.

ಕಿಂಡಿಯ ಹಿಂದೆ ಕುಳಿತು ಇಷ್ಟು ವರ್ಷ ಅರ್ಜಿಗಳನ್ನು ತೆಗೆದುಕೊಂಡ ಮೇಲೆ, ಬರುವವರಲ್ಲಿ ಎರಡು ಬಗೆಯವರು ನನಗೆ ಕಾಣುತ್ತಾರೆ. ಹೆಚ್ಚಿನವರಿಗೆ ಬೇಕಾದದ್ದು ಸಂಬಳ, ವಿಮೆ, ನಿವೃತ್ತಿವೇತನ; ಅದರಲ್ಲಿ ತಪ್ಪೇನೂ ಇಲ್ಲ, ನಾನೂ ಅವರಲ್ಲೊಬ್ಬಳು. ಆದರೆ ಅಪರೂಪಕ್ಕೆ ಇನ್ನೊಂದು ಬಗೆಯವರು ಬರುತ್ತಾರೆ. ತಮ್ಮ ಬದುಕಿನ ಅತ್ಯಂತ ಹೀನಾಯವಾದ ಗಳಿಗೆಯಲ್ಲಿ ಯಾರೋ ಅಧಿಕಾರವುಳ್ಳವರು ತಮ್ಮೊಡನೆ ಮನುಷ್ಯರಂತೆ ನಡೆದುಕೊಂಡದ್ದನ್ನು ಕಂಡವರು ಅವರು. ಅಂಥದೇ ಗಳಿಗೆಯಲ್ಲಿರುವ ಇನ್ನೊಬ್ಬರ ಬಳಿ ಹೋಗಿ ನಿಲ್ಲಲು ಅಪ್ಪಣೆ ಕೇಳಿಕೊಂಡು ಬರುವವರು. ಅವರ ಅರ್ಹತೆಯಿರುವುದು ಅವರ ಬದುಕಿಗೆ ಅಂಟಿದ ಆ ಕಲೆಯಲ್ಲಿ. ಅವರಿಗದು ಗೊತ್ತು, ಆದ್ದರಿಂದಲೇ ಅದನ್ನು ಮುಚ್ಚದೆ ತಂದು ಮುಂದಿಡುತ್ತಾರೆ. ಅವರನ್ನು ಕೆಡಿಸುವುದು ವೈರಿಗಳಲ್ಲ. ಒದ್ದೆಬಟ್ಟೆ ಹಿಡಿದುಕೊಂಡು ಪ್ರೀತಿಯಿಂದ ಪಕ್ಕದಲ್ಲಿ ನಿಂತಿರುವ, ಕಲೆ ಕಂಡಲ್ಲೆಲ್ಲ ಒರೆಸದೆ ಇರಲಾರದ ನಮ್ಮಂಥವರು.